ಒಂದೇ ಊರಿನ ಕಾಫಿ, ಎರಡು ರುಚಿ ಏಕೆ? ಬೀಜ ಹದಗೊಳಿಸುವ ಕ್ಯೂರಿಂಗ್ ಕೇಂದ್ರದ ರುಚಿ ಪರೀಕ್ಷಕರ ಉತ್ತರ

ಪ್ರಶ್ನೆ: ಸರ್, ಫಿಲ್ಟರ್ ಕಾಫಿಗೆಂದು ಚಿಕ್ಕಮಗಳೂರಿನ ಎರಡು ಬಗೆಯ ಬೀಜ ತಂದೆ. ಒಂದರ ಮೇಲೆ ‘ಪ್ಲಾಂಟೇಷನ್ ಎ’, ಇನ್ನೊಂದರ ಮೇಲೆ ‘ಅರೇಬಿಕಾ ಚೆರ್ರಿ ಎಬಿ’ ಎಂದಿದೆ. ಊರೂ ಒಂದೇ, ಜಾತಿಯೂ ಒಂದೇ. ರುಚಿ ಮಾತ್ರ ಎತ್ತಣಿಂದೆತ್ತಣ. ಅಂಗಡಿಯವರು ಮೋಸ ಮಾಡಿದರೇ?

ಉತ್ತರ: ಮೋಸವೇನಿಲ್ಲ. ನಮ್ಮ ದೇಶದ ಕಾಫಿಯ ಮಾರುಕಟ್ಟೆ ಹೆಸರುಗಳು ಊರಿಗಿಂತ ಹೆಚ್ಚಾಗಿ ಕೊಯ್ಲಿನ ನಂತರ ಹಣ್ಣಿಗೆ ಏನಾಯಿತು ಎಂಬುದನ್ನೇ ಹೇಳುತ್ತವೆ. ಪ್ಲಾಂಟೇಷನ್ ಎಂದರೆ ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪರ್ ಯಂತ್ರಕ್ಕೆ ಹಾಕಿ, ಸಿಪ್ಪೆ ಬಿಡಿಸಿ, ಲೋಳೆ ಕಳೆದು, ತೊಳೆದು ಒಣಗಿಸಿದ್ದು. ಆಗ ಹುಳಿಯ ಅಂಶ ಸ್ವಚ್ಛವಾಗಿ, ಚುರುಕಾಗಿ ಬರುತ್ತದೆ. ಕೊನೆಯ ‘ಎ’, ‘ಎಬಿ’ ಕಾಳಿನ ಗಾತ್ರವಷ್ಟೇ, ರುಚಿಗೆ ಕೊಟ್ಟ ಅಂಕವಲ್ಲ.

ಚೆರ್ರಿ ಎಂದರೆ ಹಣ್ಣನ್ನು ಇಡಿಯಾಗಿಯೇ ಕಣದಲ್ಲಿ ಹರವಿ ಒಣಗಿಸಿದ್ದು. ಕಾಳು ದಿನಗಟ್ಟಲೆ ಸಿಪ್ಪೆಯೊಳಗೇ ಇರುವುದರಿಂದ ಹುಳಿ ತಗ್ಗಿ, ಕಾಫಿ ದಪ್ಪವಾಗಿ ನಾಲಿಗೆಗೆ ಹತ್ತುತ್ತದೆ. ದಿನವೂ ಕೆದಕಿ ತಿರುವದಿದ್ದರೆ, ರಾತ್ರಿ ರಾಶಿ ಮಾಡಿ ಮುಚ್ಚದಿದ್ದರೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುವುದೂ ಉಂಟು. ಇನ್ನೊಂದು ಮಾತು: ಅನೇಕ ತೋಟಗಳಲ್ಲಿ ಚೆನ್ನಾಗಿ ಹಣ್ಣಾದದ್ದು ಪಲ್ಪರ್‌ಗೆ ಹೋಗುತ್ತದೆ, ಹಸಿರುಗಾಯಿ, ಗಿಡದಲ್ಲೇ ಒಣಗಿದ್ದು, ನೆಲಕ್ಕೆ ಉದುರಿದ್ದು ಚೆರ್ರಿಯಾಗುತ್ತದೆ. ಹಾಗಾಗಿ ನಿಮ್ಮ ಹೋಲಿಕೆ ಚೆರ್ರಿಗೆ ಸ್ವಲ್ಪ ಅನ್ಯಾಯವೇ. ಮಾಗಿದ ಹಣ್ಣನ್ನೇ ಆರಿಸಿ ಒಣಗಿಸಿದ ಚೆರ್ರಿ ಸಿಕ್ಕರೆ ಬಿಡಬೇಡಿ.

ಪ್ರಶ್ನೆ: ಹಾಗಾದರೆ ಊರಿನ ಹೆಸರಿಗೆ ಬೆಲೆಯೇ ಇಲ್ಲವೇ? ಬಾಬಾಬುಡನ್‌ಗಿರಿ, ಕೊಡಗು, ಅರಕು ಎಲ್ಲಕ್ಕೂ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆಯಲ್ಲ?

ಉತ್ತರ: 2019ರಲ್ಲಿ ಸಿಕ್ಕಿತು, ಸುಮ್ಮನೆ ಸಿಕ್ಕಿದ್ದಲ್ಲ. ಎತ್ತರದ ಗಿರಿಯಲ್ಲಿ ರಾತ್ರಿ ತಂಪು, ಹಣ್ಣು ನಿಧಾನವಾಗಿ ಮಾಗುತ್ತದೆ, ಕಾಳು ಗಟ್ಟಿಯಾಗುತ್ತದೆ. ಸಾವಿರ ಮೀಟರಿಗಿಂತ ಮೇಲಿನ ಅರೇಬಿಕಾದ ಆ ಹುಳಿ-ಸಿಹಿ ಹದ ತಗ್ಗಿನ ತೋಟದಲ್ಲಿ ಬರುವುದು ಕಷ್ಟ. ತಗ್ಗಿನ ಬೆಚ್ಚನೆಯ ಜಾಗ ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾಕ್ಕೆ ಹೊಂದುತ್ತದೆ. ಆದರೆ ಗಿರಿ ಕೊಟ್ಟದ್ದನ್ನು ಕೆಟ್ಟ ಕಣ ಒಂದೇ ವಾರದಲ್ಲಿ ಹಾಳು ಮಾಡಬಲ್ಲದು.

ಇದಕ್ಕೆ ತಿರುವುಮುರುವಾದದ್ದು ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿ. ಅಲ್ಲಿ ರುಚಿ ಕಟ್ಟುವುದು ತೋಟಕ್ಕಿಂತ ಹೆಚ್ಚಾಗಿ ಕರಾವಳಿಯ ಗೋದಾಮು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೆರ್ರಿ ಕಾಳನ್ನು ಗಾಳಿಯಾಡುವ ಕಟ್ಟಡದಲ್ಲಿ ಹರವಿ, ಕೆದಕಿ, ಗೋಣಿಗೆ ಸಡಿಲವಾಗಿ ತುಂಬಿ, ಮತ್ತೆ ಸುರಿದು ತುಂಬುತ್ತಾರೆ. ತೇವದ ಗಾಳಿ ಕುಡಿದು ಕಾಳು ಉಬ್ಬಿ, ಹಸಿರು ಬಣ್ಣ ಬಿಟ್ಟು ಹೊಂಬಣ್ಣಕ್ಕೆ ತಿರುಗುತ್ತದೆ. ಹುಳಿ ಬಹುತೇಕ ಮಾಯ. ಹಿಂದೆ ಹಾಯಿಹಡಗುಗಳಲ್ಲಿ ಯೂರೋಪಿಗೆ ತಿಂಗಳುಗಟ್ಟಲೆ ಸಾಗುವಾಗ ತಾನಾಗಿಯೇ ಆಗುತ್ತಿದ್ದದ್ದನ್ನು ಈಗ ಬೇಕೆಂದೇ ಮಾಡುತ್ತಾರೆ. ನನಗೆ ಅದು ಹಾಲಿಲ್ಲದೆ ಕುಡಿದರೆ ಸಪ್ಪೆ. ಹಾಲು ಬೆರೆಸಿದರೆ ಒಳ್ಳೆಯದು.

ಪ್ರಶ್ನೆ: ಕಾಳುಮೆಣಸಿನ ಬಳ್ಳಿಯ ನಡುವೆ ಬೆಳೆದ ಕಾಫಿಗೆ ಮೆಣಸಿನ ಘಮ ಬರುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಮೇಡಂ, ಅದು ಪೊಟ್ಟಣದ ಮೇಲೆ ಬರೆಯಲು ಚೆಂದ. ಬಳ್ಳಿಯ ಘಮ ಪಕ್ಕದ ಗಿಡದ ಕಾಳಿಗೆ ದಾಟುವುದಿಲ್ಲ. ಗೋದಾಮಿನಲ್ಲಿ ಮಾತ್ರ ದಾಟುತ್ತದೆ, ಅಲ್ಲಿ ಅದು ದೋಷ. ಒಣಗಿದ ಕಾಳು ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ಮೆಣಸಿನ ಚೀಲ, ಗೊಬ್ಬರ, ಡೀಸೆಲ್ ಡಬ್ಬಿಯ ಜೊತೆ ಇಟ್ಟ ಮೂಟೆಯ ಕಾಫಿಯನ್ನು ಒಂದು ಚಮಚ ಹೀರಿದರೆ ಸಾಕು, ಅದು ಯಾವ ಕೋಣೆಯಲ್ಲಿತ್ತು ಎಂದು ಹೇಳಬಹುದು.