ಜಿಮ್ ಮಾಡಿ ಬಂದ ಮೇಲೆ ಶುಗರ್ ಏರಿದೆ, ಯಾಕೆ?

ಪ್ರಶ್ನೆ:
ನನಗೆ 46 ವರ್ಷ, ಎರಡು ವರ್ಷದಿಂದ ಶುಗರ್ ಇದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 118 ಇತ್ತು, ಅರ್ಧ ಗಂಟೆ ಜೋರಾಗಿ ಭಾರ ಎತ್ತಿ ಬಂದು ಬೆರಳು ಚುಚ್ಚಿ ನೋಡಿದರೆ 151! ಕಾಫಿ ಕೂಡ ಕುಡಿದಿರಲಿಲ್ಲ. ಇಳಿಯಬೇಕು ಅಲ್ವಾ? ಜಿಮ್ ಬಿಟ್ಟುಬಿಡಲಾ?

ಉತ್ತರ 1:
ಬಿಡಬೇಡಿ ಸಾರ್. ಜೋರು ಕಸರತ್ತಿಗೆ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ, ಆಗ ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತೆ, ಸ್ನಾಯು ಸುಡುವುದಕ್ಕಿಂತ ಅದು ಜಾಸ್ತಿ ಆದರೆ ಮೀಟರ್‌ನಲ್ಲಿ ಹೀಗೆ ಕಾಣುತ್ತೆ. ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಇಳಿಯುತ್ತೆ. ಆಮೇಲೆ ಒಂದು ದಿನದವರೆಗೂ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತೆ, ನಿಜವಾದ ಲಾಭ ಅದೇ.

ಉತ್ತರ 2:
ಊಟದ ನಂತರ ನಡೆದು ನೋಡಿ. ಅಮ್ಮನನ್ನು ರಾತ್ರಿ ಮುದ್ದೆ ಊಟ ಆದ ಮೇಲೆ ತಾರಸಿಯಲ್ಲಿ 15 ನಿಮಿಷ ನಡೆಸುತ್ತೇನೆ. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತೆ.

ಉತ್ತರ 3:
ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ (ಶುಗರ್ ಇಳಿಸುವ ಮಾತ್ರೆ) ತಗೊಳ್ತಿದ್ದರೆ ಹುಷಾರು, ಕಸರತ್ತು ಮುಗಿದ ಗಂಟೆಗಳ ನಂತರ ಶುಗರ್ ತೀರಾ ಇಳಿಯಬಹುದು. ಕೈ ನಡುಗಿ ಬೆವರಿದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಡೋಸ್ ವಿಷಯ ಡಾಕ್ಟರ್ ಹತ್ತಿರ ಕೇಳಿ.

ಪ್ರಶ್ನೆ ಕೇಳಿದವರು:
ಎರಡು ಗಂಟೆ ಬಿಟ್ಟು ನೋಡಿದೆ, 112. ತುಂಬಾ ಥ್ಯಾಂಕ್ಸ್, ನಾಳೆನೂ ಹೋಗ್ತೀನಿ.