ಅಪ್‌ಡೇಟ್: ‘ಟಕ್’ ಅಂದು ಸುಮ್ಮನಾಗುತ್ತಿದ್ದ ಕಾರು ಸರಿಹೋಯ್ತು

ಕೀ ತಿರುಗಿಸಿದರೆ ಟಕ್ ಅಂತ ಒಂದೇ ಸದ್ದು, ಎಂಜಿನ್ ತಿರುಗೋದೇ ಇಲ್ಲ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ತು. ಬ್ಯಾಟರಿ ಬದಲಿಸಿ ಅಂದವರೇ ಹೆಚ್ಚು. ಸ್ನೇಹಿತನ ಒಳ್ಳೆ ಬ್ಯಾಟರಿ ಹಾಕಿದರೂ ಅದೇ ಕಥೆ. ಹೊಸ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು) ಹಾಕಿದರೂ ಪ್ರಯೋಜನ ಆಗಲಿಲ್ಲ.

ಕೆಲಸಕ್ಕೆ ಬಂದದ್ದು ‘ವೋಲ್ಟೇಜ್ ಡ್ರಾಪ್ ನೋಡಿ’ ಅನ್ನೋ ಸಲಹೆ, ಅಂದರೆ ಕರೆಂಟು ಹರಿಯುವಾಗ ದಾರಿಯಲ್ಲೇ ಎಷ್ಟು ವೋಲ್ಟ್ ಕಳೆದುಹೋಗುತ್ತೆ ಅಂತ ಅಳೆಯೋದು. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಹಿಡಿದೆ. ನನ್ನ ತಮ್ಮ ಕೀ ತಿರುಗಿಸಿದ. 0.2, ಹೆಚ್ಚೆಂದರೆ 0.3 ವೋಲ್ಟ್ ಇರಬೇಕಾದ ಕಡೆ 4ರ ಮೇಲೆ! ಗೇರ್‌ಬಾಕ್ಸಿನಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ಥಿಂಗ್ ಕೇಬಲ್ (ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ಬಿಚ್ಚಿದರೆ, ಅದರ ತುದಿಯ ಲೋಹದ ಲಗ್ಗಿನೊಳಗೆ ತಾಮ್ರದ ಎಳೆಗಳೆಲ್ಲ ಹಸಿರು ಪುಡಿ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಗಾಡಿಗಳವರು ಇದನ್ನು ಮೊದಲು ನೋಡಿ.

ನನಗೆ ಅಚ್ಚರಿಯಾದದ್ದು, ಅದೇ ಕೇಬಲ್ಲನ್ನು ಓಮ್ಸ್‌ನಲ್ಲಿ (ಕರೆಂಟಿಗೆ ಎಷ್ಟು ತಡೆ ಇದೆ ಅಂತ) ಅಳೆದರೆ ಮೀಟರ್ ‘ಸರಿ ಇದೆ’ ಅನ್ನುತ್ತೆ. ನಾಲ್ಕೈದು ಎಳೆ ಉಳಿದಿದ್ದರೂ ಮೀಟರಿನ ಸಣ್ಣ ಕರೆಂಟಿಗೆ ಸಾಕು. ಎಂಜಿನ್ ತಿರುಗಿಸುವ ಮೋಟರ್, ಅಂದರೆ ಸ್ಟಾರ್ಟರ್, ಎಳೆಯೋದು ನೂರು ಆಂಪಿಯರ್‌ಗೂ ಹೆಚ್ಚು. ಅರ್ಥ್ ಸಿಗದ ಆ ಕರೆಂಟು ಆಕ್ಸಿಲರೇಟರ್ ಕೇಬಲ್ ಮೂಲಕ ಹರಿದು ಅದೂ ಬಿಸಿಯಾಗಿತ್ತು.

ಹೊಸ ಕೇಬಲ್ ಹಾಕಿ, ಬೋಲ್ಟ್ ಕೂರುವ ಜಾಗ ಉಜ್ಜಿದ ಮೇಲೆ 0.1 ವೋಲ್ಟ್. ಸ್ಟಾರ್ಟರ್ ಬಿಚ್ಚುವ ಖರ್ಚು ಉಳಿಸಿದವರಿಗೆ ತುಂಬಾ ಥ್ಯಾಂಕ್ಸ್.