ಕ್ಲಿಪ್ ಎಕ್ಸ್‌ಟೆನ್ಶನ್ ಹಾಕ್ಕೊಂಡೇ ಸ್ವಂತ ಕೂದಲು ಬೆಳೆಸ್ಬೋದಾ?

ಮೋಟುಜಡೆ: ಭರತನಾಟ್ಯಕ್ಕೆ ಚೌರಿ, ಮದುವೆ ಮನೆಗೆ ಕ್ಲಿಪ್ ಎಕ್ಸ್‌ಟೆನ್ಶನ್, ಹಿಂಗೇ ನಡೀತಿದೆ, ಈಗ ಕಿವಿ ಮೇಲ್ಗಡೆ ಕೂದಲು ತೆಳ್ಳಗಾಗ್ತಿದೆ ಅನ್ಸ್ತಿದೆ. ಪೂರ್ತಿ ಬಿಡ್ಲೇಬೇಕಾ?

ಮೈಸೂರ್‌ಮಲ್ಲಿಗೆ೭: ಬಿಡೋದೇನ್ ಬೇಡ ಕಣೇ, ಆದ್ರೆ ಆ ತೆಳ್ಳಗಿರೋ ಜಾಗಕ್ಕೆ ಮಾತ್ರ ಕ್ಲಿಪ್ ಹಾಕ್ಲೇಬೇಡ. ಭಾರಕ್ಕೆ ಬುಡ ಎಳೀತಾನೇ ಇದ್ರೆ ಟ್ರಾಕ್ಷನ್ ಅಲೋಪೇಶಿಯಾ (ಎಳೆತಕ್ಕೇ ಕೂದಲು ಉದುರೋದು) ಆಗತ್ತೆ, ಶುರುನಲ್ಲೇ ನಿಲ್ಸಿದ್ರೆ ಕೂದಲು ವಾಪಸ್ ಬರತ್ತೆ, ವರ್ಷಗಟ್ಲೆ ಎಳೆದ್ರೆ ಬರದೇನೂ ಇರ್ಬೋದು. ಮಲಗೋವಾಗ ತೆಗಿ.

ಗೆಜ್ಜೆಪೂಜೆ: ಚೌರಿನ ನೆತ್ತಿ ಹತ್ರ ಬಿಗಿಯೋ ಬದ್ಲು ಜಡೆ ನಾಕು ಹೆಣಿಗೆ ಇಳಿದ್ಮೇಲೆ ಸೇರ್ಸಿ ನೋಡಿ, ಒದ್ದೆ ತಲೆಗಂತೂ ಬೇಡ್ವೇ ಬೇಡ.

ಸುಮ್ನೆಓದುಗ: ತಿಂಗಳಿಗೆ ಸುಮಾರು 1 ಸೆಂ.ಮೀ. ಅಷ್ಟೇ ಬೆಳೆಯೋದು, ಯಾವ ಎಣ್ಣೆನೂ ಡಬಲ್ ಮಾಡಲ್ಲ. ಕೂದಲು ಜಾಸ್ತಿ ಉದುರ್ತಿದ್ರೆ ಸ್ಕಿನ್ ಡಾಕ್ಟರ್‌ಗೆ ತೋರ್ಸಿ, ಐರನ್, ಥೈರಾಯ್ಡ್ ಟೆಸ್ಟ್ ಬರ್ಕೊಡ್ಬೋದು.

ಮೋಟುಜಡೆ: ನೆತ್ತಿಗೇ ಬಿಗೀತಿದ್ದೆ 😬